ಹರನಾಳಿಗೆ ಇಲ್ಲದ ಚಿತ್ರ

ನಿಜ್ವಾದಿಂದ ಮೂರು ತಾಸು, ಡಾಂಬರು ಮುಗಿದಲ್ಲಿ
ಒಂದು ಹಳೆಯ ಊರು. ಯಾರೂ ಇರಲಿಲ್ಲ.
ಬೋರ್ಡು ಬರೆಯಲೆಂದು ಕರೆತಂದವನು
ಡೀಸೆಲ್ಲು ಹುಡುಕಿಕೊಂಡು ಹೋಗಿದ್ದ.
ಗೋಡೆಗಳ ನಡುವೆ ನಿಂತೆ:
ಖರ್ಜೂರದ ಜಂತಿ, ಹುಲ್ಲು ಕಲಸಿದ ಮಣ್ಣು,
ದೀಪ ಇಟ್ಟೂ ಇಟ್ಟೂ ಕರ್ರಗಾದ ಮಾಡ.
ಡೋಣಿ ದಂಡೆಯ ನಮ್ಮ ಓಣಿಯನ್ನು ಯಾರೋ
ಎತ್ತಿ ತಂದು, ನೀರು ಹಿಂಡಿ
ಇಲ್ಲಿ ಒಣಹಾಕಿದಂತೆ.

ಆವತ್ತೇ ಬೋರ್ಡು ಬಿಟ್ಟೆ ಎಂದರೆ ಸುಳ್ಳು.
ಈಗಲೂ ಬರೆಯುತ್ತೇನೆ, ಬಾಡಿಗೆ ಅದರಿಂದಲೇ.
ಶುಕ್ರವಾರ ಮಾತ್ರ ಗೋಡೆ.
ಆ ಮಣ್ಣನ್ನೇ ಅರಿವೆಯಲ್ಲಿ ಸೋಸಿ, ಅಂಟು ಬೆರೆಸಿ
ಅಂಗೈಯಿಂದ ಸಾರಿಸುತ್ತೇನೆ; ಕುಂಚ ಕೊನೆಗೆ.
ಹನ್ನೊಂದು ವರ್ಷ.
ಮಸ್ಕತ್ತಿನ ಒಬ್ಬಾಕೆ ಒಂದನ್ನು ಕೊಂಡು
ಇದು ನಮ್ಮಜ್ಜನ ಮನೆ, ಅಂದಳು.
ಹೌದೆಂದೆ.
ಅಲ್ಲ ಎನ್ನುವುದಕ್ಕೆ ನನ್ನ ಅರಬ್ಬಿ ಸಾಲಲಿಲ್ಲ.

ಈ ಸಲ ಒಂದನ್ನು ಸುತ್ತಿಕೊಂಡು ಊರಿಗೆ ತಂದೆ.
ತಾಳಿಕೋಟೆ ಬಸ್ಸಿನಲ್ಲಿ ತೊಡೆಯ ಮೇಲೆಯೇ ಇತ್ತು,
ಆದರೂ ಎರಡು ಕಡೆ ಬಿರುಕು.
ಗೌಂಡಿ ಲಾಡ್ಲೇಸಾಬ, ನಮ್ಮಪ್ಪ,
ಊರ ಮಾಳಿಗೆಗಳನ್ನೆಲ್ಲ ತುಳಿದ ಕಾಲು ಚಾಚಿ
ಬೆಳಕಿಂಡಿಯ ಕೆಳಗೆ ಕೂತಿದ್ದ.
ಬಿಚ್ಚಿ ಹಾಸಿದೆ.
ಒಂದು ಬೀಡಿ ಮುಗಿಯುವಷ್ಟು ನೋಡಿದ.

"ಹರನಾಳಗಿ ಎಲ್ಲೈತೋ?"

ನಾನು ಬಾಯಿ ತೆರೆಯುವ ಮೊದಲೇ
"ಮಾಳಿಗಿ ಅಂದಮ್ಯಾಲ ನೀರು ಹೋಗಾಕ ದಾರಿ ಬ್ಯಾಡೇನು?
ಸುತ್ತ ಕುಂಬಿ ಕಟ್ಟೀರಿ, ಬಾಯೇ ಬಿಟ್ಟಿಲ್ಲ.
ಮಿರಗದ ಮೊದಲ ಮಳಿಗೇ ಕುಂತಬಿಡತೈತಿ.
ಯಾವ ಗೌಂಡಿ ಕಟ್ಟಿದ್ದು?"

ಅಲ್ಲಿ ಮಳೆಯಿಲ್ಲಪ್ಪ, ಅಂದೆ.
ಅದೂ ಪೂರ್ತಿ ನಿಜವಲ್ಲ.
ಆ ಗೋಡೆಗೂ ಇತ್ತು, ಖರ್ಜೂರದ ಬೊಡ್ಡೆ ಕೊರೆದ ನಾಳ,
ನಾಲಗೆಯಂತೆ ಹೊರಚಾಚಿ.
ಚಿತ್ರಕ್ಕೆ ಅಡ್ಡ ಬರುತ್ತದೆಂದು
ನಾನೇ ಬಿಟ್ಟಿದ್ದೆ.

ಅಪ್ಪ ಬಿರುಕಿನ ಅಂಚನ್ನು ಉಗುರಿನಿಂದ ಕೆರೆದ,
ನಾಲಗೆಗೆ ಹಚ್ಚಿಕೊಂಡ.
"ಸವಳಿಲ್ಲ ಇದರಾಗ. ಸಪ್ಪಗೈತಿ."
ಮರುದಿನ ನಸುಕಿಗೇ ಎದ್ದು
ಡೋಣಿಯ ದಂಡೆಗೆ ಬುಟ್ಟಿ ಹೊರಿಸಿಕೊಂಡು ಹೊರಟ.
ನಮ್ಮ ಮಾಳಿಗೆಗೆ ಹದಿನೆಂಟು ಬುಟ್ಟಿ. (ಎಣಿಸಿದವನು ಹೊತ್ತವನೇ.)
ಒಂದು ಹಿಡಿ, ಅವ್ವನ ಹಳೆಯ ಡಬ್ಬಿಯಲ್ಲಿ, ನನಗೆ.

ಈಗ ಶುಕ್ರವಾರ.
ಕುಂಬಿಯಲ್ಲಿ ಬಾಯಿ ಬಿಡಿಸಿದ್ದೇನೆ, ನಾಳ ಇಟ್ಟಿದ್ದೇನೆ.
ಅದರ ಕೆಳಗೆ ಗೋಡೆ ತೊಯ್ದ ಗುರುತೊಂದು
ಎಷ್ಟು ಬಳಿದರೂ ಕೂಡಿಬರುತ್ತಿಲ್ಲ.
ಹಸಿಯಿದ್ದಾಗ ಥೇಟ್ ಮಳೆ.
ಚಹಾ ಕುಡಿದು ಬರುವಷ್ಟರಲ್ಲಿ
ಮತ್ತೆ ಒಣಗೋಡೆ,
ಅಂಚಿನಲ್ಲಿ ಬೆಳ್ಳಗೆ ಒಂದಿಷ್ಟು ಉಪ್ಪು.