ಕಿವಿ ಮಂದಾದ ತಜ್ಞ

ತೀನ್ ಕಂದೀಲಿನಿಂದ ನಾಲ್ಕು ಹೆಜ್ಜೆ,
ಚಾಂದಪಾಷಾನ ಜೆರಾಕ್ಸ್ ಅಂಗಡಿಯ ತಲೆ ಮೇಲೆ ನನ್ನ ಕೋಣೆ.
ಬೋರ್ಡಿಗೆ ಎರಡು ಸಾವಿರ ಸುರಿದೆ:
‘ಯಾವ ಕೆಲಸ ನಿಮಗೆ? ಬನ್ನಿ, ಮಾತಾಡೋಣ.’
ಮೊದಲು ಬಂದದ್ದು ಬಿಸಿಲು,
ಆಮೇಲೆ ಬಾಡಿಗೆ ಕೇಳಲು ಮಾಲಕ,
ಆಮೇಲೆ ಇನ್ನೊಂದು ಬೋರ್ಡು ಬರೆಸ್ತೀರಾ ಅಂತ ಅದೇ ಪೇಂಟರು.

ಪ್ರೊಫೆಸರ್ ನರಸಿಂಗರಾಯರನ್ನು ಕರೆತಂದೆ.
ಎಲ್ಲ ನೌಕರಿಯ ಸಂಬಳ ಅವರಿಗೆ ಬಾಯಿಪಾಠ,
ಯಾವುದರ ಬೆವರಿನ ವಾಸನೆಯೂ ಗೊತ್ತಿಲ್ಲ.
ಮೂರು ಸಂಜೆ ನನ್ನೊಬ್ಬಳಿಗೇ ಭಾಷಣ ಮಾಡಿ
ಕೊಡೆ ಮರೆತು ಹೋದರು.

ನನಗೆ ಬೇಕಾದವರು ಕೆಲಸ ಹೊಗಳುವವರಲ್ಲ,
ಅದು ಮೈಯಲ್ಲಿ ಎಲ್ಲಿ ಕೂತು ನೋಯುತ್ತದೆ ಅಂತ
ಬೆರಳಿಟ್ಟು ತೋರಿಸುವವರು.
ಹುಡುಕಿದೆ: ದವಾಖಾನೆಯ ಹಿಂಬಾಗಿಲು,
ಹತ್ತಿಮಿಲ್ಲಿನ ಪಾಳಿ ಬಿಡುವ ಹೊತ್ತು.
ರಾತ್ರಿಪಾಳಿ ಮುಗಿಸಿ ಚಪ್ಪಲಿ ಕೈಲಿ ಹಿಡಿದು ಬರುವ ನರ್ಸ್ ಎಸ್ತೇರಮ್ಮ
ಒಪ್ಪಿದಳು, ಗುರುವಾರ ಮಾತ್ರ.
ಶಕ್ತಿನಗರದ ಟರ್ಬೈನ್ ಪಕ್ಕ ಮೂವತ್ತೊಂದು ವರ್ಷ ನಿಂತ ಮಾರೆಪ್ಪ
‘ಏನಂದ್ರಿ?’ ಅಂದರು.
ಮತ್ತೆ ಹೇಳಿದೆ. ಒಪ್ಪಿದರು.

ಇನ್ನು ಗಿರಾಕಿ.
ಚಾಂದಪಾಷಾ ಕೆಳಗಿಂದಲೇ ನಕ್ಕ:
‘ಅಕ್ಕಾ, ಒಂದೇ ಮಾರ್ಕ್ಸ್ ಕಾರ್ಡು
ತಿಂಗಳಿಗೆ ಎಂಟು ಸಲ ಕಾಪಿ ಮಾಡ್ಸೋರು ನನ್ನ ಕಣ್ಣಾಗ ಅದಾರ.
ಕಾಗದಕ್ಕಿಂತ ಮುಖ ಬೆಳ್ಳಗಾದ ದಿನ ಮ್ಯಾಲ ಕಳಸ್ತೀನಿ.’

ಹಾಗೆ ಬಂದಳು ದೇವದುರ್ಗದ ಹುಲಿಗೆಮ್ಮ,
ಡಿ.ಎಡ್. ಫಾರ್ಮು ಎದೆಗವಚಿ.
ಮಾರೆಪ್ಪನೆದುರು ಕೂತು ಏನೋ ಅಂದಳು.
‘ಏನಂದಿ?’
ಮತ್ತೆ ಅಂದಳು, ದುಪಟ್ಟಾದ ಅಂಚಿಗೆ.
‘ಕೇಳ್ಸವಲ್ದವ್ವಾ, ಈ ಕಿವಿ ಮಷಿನ್ನಿಗಿ ಕೊಟ್ಟು ಬಂದೀನಿ. ಜೋರಾಗಿ!’

‘ನಂಗ ಟೀಚರ್ ಆಗೋದು ಬ್ಯಾಡ್ರೀ!
ಮೋಟರು ಬಿಚ್ಚಿ ಜೋಡಸೋದು ಬೇಕು!’

ಕೆಳಗೆ ಜೆರಾಕ್ಸ್ ಮಷಿನ್ನು ನಿಂತಿತು.
ಬೇರೆ ಯಾರೋ ಕೂಗಿದಂತೆ ಆಕೆ ಹಿಂದೆ ತಿರುಗಿ ನೋಡಿದಳು.
ಮಾರೆಪ್ಪ ಎಡಗೈ ಮೇಜಿನ ಮೇಲಿಟ್ಟರು,
ಉಗುರಿಲ್ಲದ ಎರಡು ಬೆರಳು.
‘ಮೊದಲು ಇದ ನೋಡ್ಕೊ. ಆಮ್ಯಾಲ ಐ.ಟಿ.ಐ. ಮಾತು.’
ಬಾಗಿ ನೋಡಿದಳು.
ಮುಟ್ಟಿಯೂ ನೋಡಿದಳು.

ಇನ್ನೂರು ರೂಪಾಯಿ. ನನ್ನ ಮೊದಲ ರಸೀದಿ.
ಮೊದಲನೆಯದೆಂದು ಗೊತ್ತಾಗದಿರಲಿ ಅಂತ
ನಂಬರು ನೂರಾ ಹದಿನೇಳು ಹಾಕಿದೆ.
ಮೆಟ್ಟಿಲಿಳಿಯುತ್ತ ಅದನ್ನೋದಿ
ಆಕೆ ಕೇಳಿದಳು, ಈಗ ಜೋರಾಗಿಯೇ:
‘ಅಷ್ಟೂ ಮಂದಿಗಿ ನೌಕರಿ ಸಿಕ್ತೇನ್ರೀ?’