ಬಾಯಿ ಆಕೀದು

ಶಹಾಬಾದಿನ ಸಿಮೆಂಟು ಕ್ಲಬ್ಬಿನ ಹಿತ್ತಲದಾಗ
ಎರಡು ಬೇವಿನ ಮರದ ನಡುವ ಶನಿವಾರ ಪರದೆ ಕಟ್ಟತಿದ್ದರು.
ದೊರೆಗಳು ಈಚೆ, ಬೆತ್ತದ ಕುರ್ಚಿ ಮ್ಯಾಲೆ.
ನಾವು ಆಚೆ, ಹಗಲ ಬಿಸಿಲು ಇನ್ನೂ ಉಳಿದ ಫರ್ಶಿ ಮ್ಯಾಲೆ.
ಹಿಂದಿನಿಂದ ಎಲ್ಲಾ ಉಲ್ಟಾ.
ಅವರಿಗೆ ಆಕೀ ಮಚ್ಚೆ ಬಲಗೆನ್ನೆಗೆ,
ನಮಗ ಎಡಗೆನ್ನೆಗೆ.

ಆಕೀ ಹೆಸರು ನಮ್ಮ ನಾಲಗಿಗೆ ಹತ್ತಲಿಲ್ಲ.
ಅವ್ವ ಮಚ್ಚೆ ದೊರೆಸಾನಿ ಅಂದಳು,
ಓಣಿಗೆಲ್ಲಾ ಅದೇ ಆತು.

ಬಿಳಿ ಪಾವಟಿಗಿ ಇಳೀತಾ ಇಳೀತಾ ಹಾಡುವಳು ದೊರೆಸಾನಿ.
ಮಿಶೀನು ನೋಡೋ ದಸ್ತಗೀರಚಾಚಾ
ಸೇದೋ ಬೀಡಿ ಮರೆತು ಬೆರಳು ಸುಟ್ಟುಕೊಳ್ಳುವ.
ಅವ್ವ ಹಾಡು ಕೇಳತಿರಲಿಲ್ಲ,
ಗಂಟಲ ನೋಡತಿದ್ದಳು.
"ಅಷ್ಟುದ್ದ ಎಳದಳು, ಎದಿ ಏಳಲೇ ಇಲ್ಲ.
ಉಸುರು ಎಲ್ಲಿ ತಗೊಂಡಳು?
ಬಾಯಿ ಆಕೀದು. ದನಿ ಯಾರದೋ."

ನಿನಗ ಹೆಂಗ ಗೊತ್ತು ಅಂತ ನಾ ಕೇಳಲಿಲ್ಲ.
ಜೋಳದ ಹಿಟ್ಟಿನ ಜಿಗುಟು ಹೆಂಗ ಗೊತ್ತು ಅಂತ
ಯಾರು ಕೇಳತಾರ?

ದೊಡ್ಡ ಇಂಜಿನಿಯರು ತನ್ನ ದೇಶಕ್ಕ ಹೊಂಟಾಗ ಹರಾಜು ಆತು.
ಟೆನಿಸ್ ಬಲೆ, ಮೀನು ತಿನ್ನೋ ಚಮಚ, ಮುರಿದ ತೊಟ್ಟಿಲು.
ದಸ್ತಗೀರಚಾಚಾ ಎಂಟಾಣೆ ಕೊಟ್ಟು ಒಂದು ತಾಟು ತಂದ,
ಕವರಿನ ಮ್ಯಾಲೆ ಮಚ್ಚೆ.
ಬಟ್ಲರ್ ಇನಾಯತ ಹಿಂದಿನ ಬರಹ ಓದಿ ಹೇಳಿದ:
ಸ್ಟುಡಿಯೋದವರು ಈಕೀ ದನಿ ಬ್ಯಾಡಂದರಂತ,
ಪಿಚ್ಚರಿಗೆಲ್ಲಾ ಬ್ಯಾರೆಯವರು ಹಾಡಿದರಂತ,
ಹಟಕ್ಕ ಬಿದ್ದು ತನ್ನ ರೊಕ್ಕದಾಗ
ಇದೊಂದು ಮಾಡಿಸಿದಳಂತ.
ಕವರಿನ ಮ್ಯಾಲೆ ಇಂಥಾದ್ದೆಲ್ಲಾ ಬರೀತಾರೇನು?
ಇನಾಯತನ ಇಂಗ್ಲಿಷಿನಾಗ ಎಷ್ಟು ಖರೆ, ಎಷ್ಟು ಇನಾಯತ,
ಅಲ್ಲಾ ಬಲ್ಲ.

ಸೂಜಿ ಇಳೀತು. ಮೊದಲು ಸಿಮೆಂಟೇ ಹಾಡಿತು, ಜರ ಜರ.
ಆಮ್ಯಾಲ ದನಿ.
ಸಣ್ಣದು. ನೆಗಡಿ ಆದಂಥದು.
ಮ್ಯಾಲಿನ ಷಡ್ಜಕ್ಕ ಹೋಗಿ
ಹಳೇ ಸೀರಿ ಹರಿದಂಗ ಹರೀತು.
ಚಾಚಾನ ಮಾರಿ ಎಂಟಾಣೆಯಷ್ಟಾತು.

"ಇನ್ನೊಮ್ಮೆ ಹಚ್ಚು," ಅಂದಳು ಅವ್ವ.
ಇನ್ನೊಮ್ಮೆ. ಮತ್ತೊಮ್ಮೆ. ರಾತ್ರಿ ಪಾಳಿಯ ಭೋಂಗಾ ಆಗೋತನಕ.
"ಕೇಳಿದೇನು, ಇಲ್ಲಿ ಉಸುರು ತಗೊಂಡಳು.
ಇಲ್ಲಿ. ಇಲ್ಲೂ."

ಆವಾಗ ಗೊತ್ತಾತು ನನಗ,
ಲಗ್ನಕ್ಕಿಂತ ಮೊದಲು ಅವ್ವ
ಸೇಡಂ, ಯಾದಗಿರಿ, ಶಹಾಪುರ ಅಂತ
ನಾಟಕ ಕಂಪನಿ ಹಿಂದ ತಿರುಗಿದ್ದು.
ಸೈಡ್ ವಿಂಗಿನ ಕತ್ತಲಿನಾಗ ಕಾಲಪೆಟ್ಟಿಗಿ ಮಗ್ಗಲ ನಿಂತು
ತುಳಜಾಬಾಯಿಯ ತುಟಿಗೆ ಹಾಡಿದ್ದು.
ಶಿಳ್ಳೆ ಆಕೀಗೆ. ಬೆಳ್ಳಿ ಪದಕ ಆಕೀಗೆ.
"ಎಂಟು ವರ್ಷ ಒಂದೇ ತಗಡಿನ ಬಿಡಾರ.
ಪರದೆ ಬಿದ್ದ ಮ್ಯಾಲೆ ಒಂದು ದಿನಾನೂ
ನನ್ನ ಮಾರಿ ನೋಡಲಿಲ್ಲ ಆಕೀ.
ಸೊಕ್ಕು ಅಂದುಕೊಂಡಿದ್ದೆ."

ಮುಂದ ಏನೂ ಹೇಳಲಿಲ್ಲ.
ಒಲಿಯ ಬೂದಿ ಕೆದರಿದಳು.

ಮರುದಿನ ಮುಂಜಾನಿ ನಾಕು ರೊಟ್ಟಿ, ಪುಂಡಿಪಲ್ಯ,
ದಡಿಸೀರಿಯಾಗ ಸುತ್ತಿದ ತಾಟು.
ವಾಡಿಯಾಗ ಗಾಡಿ ಬದಲಿಸಿ ಚಿತ್ತಾಪುರಕ್ಕ ಹೋದಳು.
ಹೊತ್ತು ಮುಳುಗಿದ ಮ್ಯಾಲೆ ಬಂದಳು, ಬರೀ ಸೀರಿ ಮಡಚಿ ಹಿಡಕೊಂಡು.

ಸಿಕ್ಕಳೇನು?
"ಹೂಂ."
ಏನಂದಳು?
ಕಾಲು ತೊಳಕೊಂಡಳು ಅವ್ವ. ಚರಿಗಿ ಬೋರಲ ಹಾಕಿದಳು.
"ಹಾಡಿದಳು," ಅಂದಳು. "ಕೆಟ್ಟದಾಗಿ."

ಚಾಚಾನ ಎಂಟಾಣೆ ಇನ್ನೂ ಬಾಕಿ ಅದ.