ಕಾಕಂಬಿ, ಬಿ ಸೈಡು

ಮೊನ್ನೆ, ಚೆನ್ನಾಗಿಯೇ ಓಡುತ್ತಿದ್ದ ಮಿಕ್ಸಿಯನ್ನು
ಚೀಲಕ್ಕೆ ಹಾಕಿಕೊಂಡು ಗುತ್ತಲು ರಸ್ತೆಗೆ ಹೋದೆ.
ಇನಾಯತ್ ಅಂಗಡಿ. ಗ್ರೈಂಡರು, ಫ್ಯಾನು, ಮೋಟರು ವೈಂಡಿಂಗು.
ಬೋರ್ಡಿನಲ್ಲಿ ಎಲ್ಲೂ ಬರೆದಿಲ್ಲ,
ಕಾಕಂಬಿಗೆ ಬೇಸ್ ಗಿಟಾರು ನುಡಿಸುತ್ತಿದ್ದವರು ಇವರೇ ಅಂತ.

ಕಾಕಂಬಿ ಗೊತ್ತಲ್ಲ?
ಸಕ್ಕರೆಯೆಲ್ಲ ಬೆಳ್ಳಗಾಗಿ ಮೂಟೆ ಸೇರಿದ ಮೇಲೆ
ಫ್ಯಾಕ್ಟರಿಯ ತಳದಲ್ಲಿ ಉಳಿಯುವ ಕರಿ ಅಂಟು.
ಮಂಡ್ಯದವರಿಗೆ ಮೂಗಿನಿಂದಲೇ ಗೊತ್ತು.
ಆ ಹೆಸರಿನ ಬ್ಯಾಂಡು ಮಾತ್ರ ಮಂಡ್ಯದವರಿಗೂ ಗೊತ್ತಿಲ್ಲ.
ನಮ್ಮ ಏಳು ಜನಕ್ಕೆ ಗೊತ್ತು.
ಎಂಟು, ಕೆರಗೋಡಿನ ನಂಜಮಣಿಯನ್ನು ಸೇರಿಸಿದರೆ.
ಸೇರಿಸಲೇಬೇಕು. ‘ಪ್ರಾಣ ತಿರುಗ್ತದೆ’ ಅಂತ
ನಾವು ವರ್ಷಗಟ್ಟಲೆ ಕಣ್ಣು ಒರೆಸಿಕೊಂಡ ಸಾಲು
‘ಗಾಣ ತಿರುಗ್ತದೆ’ ಕಣ್ರೋ ಅಂತ ತಿದ್ದಿದವಳು ಅವಳು.

ತೊಂಬತ್ತಾರರಲ್ಲಿ ಒಂದು ಕ್ಯಾಸೆಟ್ಟು. ಇನ್ನೂರು ಪ್ರತಿ.
ಹನಕೆರೆಯಾಚೆ ಒಂದು ಆಲೆಮನೆಯಲ್ಲಿ ರಾತ್ರಿ ರೆಕಾರ್ಡು.
ನಾಲ್ಕನೆಯ ಹಾಡಿಗೆ ಡೀಸೆಲ್ ಎಂಜಿನ್ನು ತಾನಾಗಿ ಬಂದು ಸೇರುತ್ತದೆ,
ಚೆಲುವನ ಡ್ರಮ್ಮು ಅದಕ್ಕೆ ಜಾಗ ಬಿಡುತ್ತದೆ,
ಹಿರಿಯರು ಬಂದಾಗ ಜಗಲಿಯಲ್ಲಿ ಸರಿದು ಕೂರುವ ಹಾಗೆ.
ಪುಷ್ಪಲತಾ ಹಾಡುತ್ತಿರಲಿಲ್ಲ. ರೇಷನ್ ಅಂಗಡಿಯಲ್ಲಿ
ಹೆಸರು ಕೂಗುವವರ ದನಿಯಲ್ಲಿ ಸಾಲು ಸಾಲಾಗಿ ಕರೆಯುತ್ತಿದ್ದಳು.
ಲಿಂಗರಾಜುವಿನ ಗಿಟಾರು, ತಗಡು ಕೆರೆದಂತೆ.
ಅವೆಲ್ಲದರ ಕೆಳಗೆ ಇನಾಯತ್. ನಾಲ್ಕೇ ಸ್ವರ.
ವಿ.ಸಿ. ನಾಲೆಯ ನೀರು, ಅವಸರವಿಲ್ಲ, ಆಳ ತೋರಿಸುವುದಿಲ್ಲ.

ಕಾಲೇಜ್ ಡೇಯಲ್ಲಿ ಒಂದೇ ಒಂದು ಕಾರ್ಯಕ್ರಮ.
‘ಇದ್ಯಾವ ಜಾತಿ ಸಂಗೀತವಯ್ಯ?’
‘ಪೋಸ್ಟ್ ಪಂಕು ಸಾರ್.’
‘ಪೋಸ್ಟು ಗೊತ್ತು. ಪಂಕು ಅಂದ್ರೇನ್ಲಾ, ಪಂಚರ್ರಾ?’
ಪ್ರಿನ್ಸಿಪಾಲರು ಕರೆಂಟು ತೆಗೆಸಿದರು.
ತೆಗೆದ ಮೇಲೂ ಡ್ರಮ್ಮು ನಿಲ್ಲಲಿಲ್ಲ ಅಂತಾನೆ ಮುನಾವರ್.
ಅವನು ಅವತ್ತು ಬಂದೇ ಇರಲಿಲ್ಲ.
ಹೇಳಲಿ ಬಿಡಿ, ನಾವ್ಯಾರೂ ತಡೆಯುವುದಿಲ್ಲ.

ಅಸಲು ಕ್ಯಾಸೆಟ್ಟು ಇದ್ದದ್ದು ಅವನೊಬ್ಬನ ಹತ್ತಿರ.
ನಮ್ಮವೆಲ್ಲ ಅದರ ಮಕ್ಕಳು ಮೊಮ್ಮಕ್ಕಳು.
ಅವನ ಟೇಪ್‌ರೆಕಾರ್ಡರು ಬಿ ಸೈಡಿನ ಕೊನೆಯ ಹಾಡನ್ನು
ಒಂದು ಕಡೆ ಕಚ್ಚಿ ತಿಂದಿತ್ತು:
‘ಕೊಪ್ಪರಿಗೆಯಂಚಿಗೆ ನಿಂತವಳು ನಾನು’
ನಾಲ್ಕು ಸೆಕೆಂಡು ಏನೂ ಇಲ್ಲ
‘ಮನೆಗೆ ಬಂದೆ.’
ಆ ಖಾಲಿಯಲ್ಲಿ ಏನು ಮಾಡಿದಳು ಅಂತ
ಇಪ್ಪತ್ತೇಳು ವರ್ಷ ಜಗಳವಾಡಿದ್ದೇವೆ.
ಅತ್ತಳು ಅಂತ ನಾಗಲಿಂಗು.
ಹಾರೋಕೆ ಹೋಗಿ ಹಿಂದೆ ಸರಿದಳು ಅಂತ ನಾನು.
ಬೆಲ್ಲ ತಿಂದಳು ಅಂತ ನಂಜಮಣಿ.

ಹೋದ ವರ್ಷ ಮದ್ದೂರಿನ ಗುಜರಿಯಲ್ಲಿ ಸಿಕ್ಕಿತು ಇನ್ನೊಂದು ಪ್ರತಿ,
ಮೇಲಿನ ಕಾಗದವೂ ಹರಿದಿಲ್ಲ.
ಎಂಟೂ ಜನ ಮುನಾವರ್ ಮನೆ ಮಹಡಿಯಲ್ಲಿ, ಚಹಾ ತಣ್ಣಗೆ.
ಆ ಜಾಗ ಬಂತು. ಅಲ್ಲಿ ಮಾತಿತ್ತು:
‘ಚಪ್ಪಲಿ ಹುಡುಕಿ.’
ಅಷ್ಟೇ. ಚಪ್ಪಲಿ ಹುಡುಕಿ, ಮನೆಗೆ ಬಂದೆ.
ಯಾರೂ ಏನೂ ಅನ್ನಲಿಲ್ಲ.
ನಾಗಲಿಂಗು ಎದ್ದು ಹಳೆಯದನ್ನೇ ಹಾಕಿದ.
ಖಾಲಿ ಬಂದಾಗ ಎಂಟು ಬಾಯಿಯೂ ಒಟ್ಟಿಗೆ ಮುಚ್ಚಿದವು,
ಒಟ್ಟಿಗೆ ತೆರೆದವು.

ಇನಾಯತ್ ಮಿಕ್ಸಿ ಬಿಚ್ಚಿದರು. ಊದಿದರು. ಮುಚ್ಚಿದರು.
‘ಏನೂ ಆಗಿಲ್ವಲ್ಲ ಇದಕ್ಕೆ.’
ಸದ್ದು ಒಸಿ ಜಾಸ್ತಿ ಅಂದೆ.
‘ಈ ತಿಂಗಳಲ್ಲಿ ಸದ್ದು ಜಾಸ್ತಿ ಅಂತ ಬಂದಿದ್ದು ಇದು ಐದನೇದು’
ಅಂದರು, ಮುಖ ಎತ್ತದೆ, ಸ್ಕ್ರೂ ತಿರುಗಿಸುತ್ತ.
ಎಡಗೈಯ ಉಗುರುಗಳು ಇವತ್ತಿಗೂ ಮೋಟು.
ಮೂವತ್ತು ರೂಪಾಯಿ ಇಸಕೊಂಡರು.
ನಾನು ರಸ್ತೆಗೆ ಇಳಿದಮೇಲೆ ಕೂಗಿದರು:
‘ಕೆರಗೋಡಿನ ಆಯಮ್ಮಂಗೆ ಹೇಳಪ್ಪ,
ಬಸ್ಸಲ್ಲಿ ಪೂರ್ತಿ ಮಿಕ್ಸಿ ಹೊತ್ಕಂಡು ಬರಬ್ಯಾಡ, ಭಾರ.
ಬರೀ ಜಾರು ತಂದ್ರೆ ಸಾಕು.’